ವ್ಯಸನವೂ ಒಲವೂ: ಪ್ರಣಯಕಥೆಯಲ್ಲಿ ಪಾತ್ರಪೋಷಣೆ

(ಚಿಕ್ಕೋಡಿಯಲ್ಲಿ ಕೂಡಿದ ತರುಣ ಲೇಖಕರ ಮುಂದೆ ಮಾಡಿದ ಭಾಷಣ)



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳ ತರುಣ ಲೇಖಕರು ಇಲ್ಲಿ ಕೂಡಿರುವಿರಿ. ನಿಮ್ಮಲ್ಲಿ ಕೆಲವರು ಬರೆದ ಕಥೆಗಳನ್ನು ನಾನು ಮೊದಲೇ ತರಿಸಿಕೊಂಡು ಓದಿದ್ದೇನೆ. ಅವುಗಳಲ್ಲಿ ಬಹುಪಾಲು ಪ್ರಣಯಕಥೆಗಳು. ಆ ಪ್ರಣಯಕಥೆಗಳಲ್ಲಿಯೂ ಬಹುಪಾಲು ಒಂದೇ ಎರಕದವು. ತರುಣನು ಒಲಿಯುತ್ತಾನೆ, ಒಲಿದವಳು ಬೇರೊಬ್ಬನ ಕೈ ಹಿಡಿಯುತ್ತಾಳೆ, ಇವನು ಸೆರೆಯ ಬಾಟಲಿಯನ್ನು ಹಿಡಿಯುತ್ತಾನೆ, ಕೊನೆಯ ಪುಟದಲ್ಲಿ ಇವನು ಸಾಯುತ್ತಾನೆ, ಅವಳು ಅಳುತ್ತಾಳೆ. ಓದಿ ಮುಗಿಸಿದಾಗ ನನಗೆ ಬಹಳ ವ್ಯಸನವಾಯಿತು.

ಈ ‘ವ್ಯಸನ’ ಎಂಬ ಮಾತನ್ನು ನಾನು ಬೇಕೆಂದೇ ಆಡಿದ್ದೇನೆ. ನಮ್ಮ ಭಾಷೆಯಲ್ಲಿ ವ್ಯಸನವೆಂದರೆ ಚಟವೂ ಅಹುದು, ದುಃಖವೂ ಅಹುದು. ‘ಅವನಿಗೆ ಕುಡಿತದ ವ್ಯಸನ’ ಎನ್ನುತ್ತೇವೆ; ‘ಅವನ ಹೆಂಡತಿ ವ್ಯಸನಪಡುತ್ತಾಳೆ’ ಎಂದೂ ಎನ್ನುತ್ತೇವೆ. ಒಂದೇ ಮನೆಯ ಇಬ್ಬರಿಗೆ ಒಂದೇ ಮಾತು ಸಲ್ಲುತ್ತದೆ. ಹೀಗಿರಲು, ವ್ಯಸನದ ಕಥೆಯನ್ನು ಬರೆಯುವವನು ಈ ಎರಡು ಅರ್ಥಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ಕಥೆಯು ಅರ್ಧವಾಗುವದು. ನೀವು ಕಳಿಸಿದ ಕಥೆಗಳು ಅರ್ಧವಾಗಿವೆ ಎಂಬುದೇ ನನ್ನ ಮೊದಲನೆಯ ಅರಿಕೆ.

ಎರಡನೆಯ ಅರಿಕೆ ಪಾತ್ರದ ವಿಷಯವಾಗಿ. ಪಾತ್ರವು ಬೆಳೆಯುವದೆಂದರೆ ಒಳ್ಳೆಯದಾಗುವದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಕೆಡುವದೂ ಬೆಳವಣಿಗೆಯೇ. ಆದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಕಾಣಬೇಕು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ‘ಇಲ್ಲಿಂದ ಇವನು ತಿರುಗಬಹುದಾಗಿತ್ತು’ ಎಂದು ಓದುವವನಿಗೆ ಅನಿಸಬೇಕು. ನಿಮ್ಮ ನಾಯಕನು ಮೊದಲನೆಯ ಪುಟದಲ್ಲಿ ಇದ್ದಂತೆಯೇ ಕೊನೆಯ ಪುಟದಲ್ಲಿಯೂ ಇದ್ದಾನೆ. ನಡುವೆ ಕುಡಿದಿದ್ದಾನೆ, ಅಷ್ಟೇ.

ಇದಕ್ಕೆ ದೃಷ್ಟಾಂತವನ್ನು ಹುಡುಕಲು ದೂರ ಹೋಗಬೇಕಿಲ್ಲ. ನಿಪ್ಪಾಣಿಯ ತಂಬಾಕಿನ ವಖಾರಿಯನ್ನು ನೀವೆಲ್ಲರೂ ಬಲ್ಲಿರಿ. ಹೊಸದಾಗಿ ಒಳಗೆ ಕಾಲಿಟ್ಟವನಿಗೆ ಘಾಟು ಮೂಗಿಗೆ ಅಡರಿ, ಕಣ್ಣಲ್ಲಿ ನೀರು ಬಂದು, ಕೆಮ್ಮು ಹತ್ತುತ್ತದೆ. ದಿನ ಕಳೆದಂತೆ ಕೆಮ್ಮು ಕಡಿಮೆಯಾಗುತ್ತದೆ. ಕಡೆಗೊಂದು ದಿನ ಘಾಟು ಇದೆಯೆಂಬುದೇ ಅವನಿಗೆ ತಿಳಿಯದು. ಘಾಟು ಇದ್ದಷ್ಟೇ ಇರುತ್ತದೆ, ಬದಲಾದವನು ಅವನು. ವ್ಯಸನದ ಕಥೆಯನ್ನು ಬರೆಯುವವನು ತೋರಿಸಬೇಕಾದದ್ದು ಈ ಬದಲಾವಣೆಯನ್ನು.

ಇದನ್ನು ಕನ್ನಡದಲ್ಲಿ ತೋರಿಸಿದವರಿಲ್ಲವೇ? ಎಂಟು ನೂರು ವರುಷಗಳ ಹಿಂದೆಯೇ ತೋರಿಸಿದವನಿದ್ದಾನೆ. ಅವನು ಜನ್ನ, ಕೃತಿಯು ೧೨೦೯ರಲ್ಲಿ ಮುಗಿದ ‘ಯಶೋಧರ ಚರಿತೆ’. ಭೋಜ, ಸದಲಗಾ, ಶೇಡಬಾಳ ಈ ಊರುಗಳಿಂದ ಬಂದ ಜೈನ ಬಂಧುಗಳಿಗೆ ಈ ಕಥೆಯು ಹೊಸದಲ್ಲ. ಜೈನ ಶಾಸ್ತ್ರವು ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರದಾರಗಮನ ಎಂದು ಏಳು ವ್ಯಸನಗಳನ್ನು ಎಣಿಸಿ, ಕುಡಿತವನ್ನೂ ಕೆಟ್ಟ ಒಲವನ್ನೂ ಒಂದೇ ಸಾಲಿನಲ್ಲಿ ಕೂಡ್ರಿಸಿತು. ಜನ್ನನು ಆ ಪಟ್ಟಿಯೊಳಗಿನ ಒಂದು ಹೆಸರಿಗೆ ಜೀವ ತುಂಬಿದನು.

ಕಥೆಯನ್ನು ಅರಿಯದವರಿಗಾಗಿ ಸಂಕ್ಷೇಪವಾಗಿ ಹೇಳುವೆನು. ಉಜ್ಜಯಿನಿಯ ಅರಸು ಯಶೋಧರ. ಅವನ ರಾಣಿ ಅಮೃತಮತಿ. ಇಬ್ಬರ ಒಲವಿಗೆ ಯಾವ ಕೊರತೆಯೂ ಇರಲಿಲ್ಲ. ಒಂದು ರಾತ್ರಿ ಆನೆಯ ಲಾಯದ ಕಡೆಯಿಂದ ಮಾವುತನ ಹಾಡು ಅವಳ ಕಿವಿಗೆ ಬೀಳುತ್ತದೆ. ಇದು ಮೊದಲನೆಯ ಮೆಟ್ಟಿಲು; ಹಾಡನ್ನು ಕೇಳುವದು ತಪ್ಪಲ್ಲ. ಅವನು ಯಾರೆಂದು ನೋಡಿ ಬರಲು ಅವಳು ಕೆಳದಿಯನ್ನು ಕಳಿಸುತ್ತಾಳೆ, ಇದು ಎರಡನೆಯದು. ಕೆಳದಿಯು ಹೇಸಿ ಮರಳಿ ಬಂದು, ಅವನು ಕುರೂಪಿಯೆಂದು, ಮೈಯೆಲ್ಲ ಸೊಟ್ಟನೆಂದು ತಿಳಿಸುತ್ತಾಳೆ. ಬಾಗಿಲು ಇಲ್ಲಿ ತೆರೆದಿತ್ತು, ಅಮೃತಮತಿಯು ಮರಳಬಹುದಾಗಿತ್ತು. ಆದರೆ ಅವಳು ವಾದ ಹೂಡುತ್ತಾಳೆ: ಒಲಿದ ಮೇಲೆ ರೂಪವನ್ನು ನೋಡುವದುಂಟೇ ಎನ್ನುತ್ತಾಳೆ. ಮಹನೀಯರೇ, ಇದನ್ನು ಗಮನವಿಟ್ಟು ನೋಡಿರಿ. ಬಯಕೆ ಮುಂದೆ ಬಂತು, ಕಾರಣವು ಹಿಂದಿನಿಂದ ಬಂತು. ಕುಡುಕನೂ ಹೀಗೆಯೇ ಮೊದಲು ಕುಡಿಯುತ್ತಾನೆ, ಆ ಮೇಲೆ ಕಾರಣ ಹುಡುಕುತ್ತಾನೆ: ಮಳೆ ಬಂತೆಂದು, ಮೈ ನೋಯುತ್ತದೆಂದು, ಅವಳು ಬಿಟ್ಟುಹೋದಳೆಂದು.

ಮುಂದಿನ ಮೆಟ್ಟಿಲು ಇನ್ನೂ ಭಯಂಕರವಾದದ್ದು. ಒಂದು ರಾತ್ರಿ ಅವಳು ಹೋಗುವದು ತಡವಾಗಲು, ಆ ಮಾವುತನು ಅವಳ ಕೂದಲು ಹಿಡಿದು ಹೊಡೆಯುತ್ತಾನೆ. ಪಟ್ಟದರಾಣಿಯು ಅವನ ಕಾಲಿಗೆ ಬಿದ್ದು ತಡವಾದುದಕ್ಕೆ ಸಮಾಧಾನ ಹೇಳುತ್ತಾಳೆ. ಮರುದಿನ ಅರಸನು ಸರಸಕ್ಕೆಂಬಂತೆ ನೈದಿಲೆಯ ಹೂವಿನಿಂದ ತಾಗಿಸಲು, ಅದೇ ರಾಣಿಯು ನೋವು ತಾಳಲಾರದವಳಂತೆ ಮೂರ್ಛೆ ಹೋಗುತ್ತಾಳೆ. ಚಾಟಿಯ ಏಟನ್ನು ನುಂಗಿದವಳಿಗೆ ಹೂವಿನ ಏಟು ತಾಳದಾಯಿತು! ಕಪಟವನ್ನು ಕಲಿತದ್ದು ಇಲ್ಲಿ. ಕಡೆಯ ಮೆಟ್ಟಿಲಿನಲ್ಲಿ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಹೆಸರು ಅಮೃತಮತಿ, ಉಣ್ಣಿಸಿದ್ದು ವಿಷ. ಹಾಡಿನಿಂದ ವಿಷದವರೆಗೆ ಒಂದು ಮೆಟ್ಟಿಲನ್ನೂ ಕವಿಯು ಹಾರಿ ದಾಟಿಲ್ಲ.

ಇಷ್ಟಕ್ಕೇ ಜನ್ನನು ನಿಲ್ಲಲಿಲ್ಲ. ಇನ್ನೊಂದು ಪಾತ್ರವನ್ನೂ ಬೆಳೆಸಿದನು. ಯಶೋಧರನು ಎಲ್ಲವನ್ನೂ ಕಣ್ಣಾರೆ ಕಂಡು ಕತ್ತಿ ಎತ್ತಿ, ವಿವೇಕದಿಂದ ತಡೆದು ಹಿಂತಿರುಗುತ್ತಾನೆ. ಅಷ್ಟರ ಮಟ್ಟಿಗೆ ದೊಡ್ಡವನು. ಆದರೆ ಬೆಳಗಾದ ಮೇಲೆ ಬಾಡಿದ ಮುಖವನ್ನು ಕಂಡು ತಾಯಿಯಾದ ಚಂದ್ರಮತಿಯು ಕೇಳಲು, ಕೆಟ್ಟ ಕನಸು ಕಂಡೆನೆಂದು ಹೇಳಿಬಿಡುತ್ತಾನೆ. ಆ ಒಂದು ಸುಳ್ಳಿನಿಂದ ಶಾಂತಿಯ ಮಾತು ಬಂತು. ಶಾಂತಿಗೆ ಬಲಿಯ ಮಾತು ಬಂತು. ಬಲಿಗೆ ಒಪ್ಪದವನು ಹಿಟ್ಟಿನ ಕೋಳಿಗೆ ಒಪ್ಪಿದನು. ಕತ್ತಿ ತಗಲಿದಾಗ ಹಿಟ್ಟಿನ ಕೋಳಿಯೂ ಕೂಗಿತು. ತಾಯಿ-ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ತೊಳಲಬೇಕಾಯಿತು. ನಮ್ಮ ಕಾಲದಲ್ಲಿ ಗಿರೀಶ ಕಾರ್ನಾಡರು ಇದೇ ವಸ್ತುವನ್ನು ತೆಗೆದುಕೊಂಡು ‘ಹಿಟ್ಟಿನ ಹುಂಜ’ವೆಂಬ ನಾಟಕವನ್ನು ರಚಿಸಿದರು.

ಈ ‘ಕೆಟ್ಟ ಕನಸು ಕಂಡೆ’ ಎಂಬ ಮಾತು ನಮ್ಮ ಓಣಿಗಳಲ್ಲಿ ದಿನವೂ ಕೇಳಿಬರುವದಿಲ್ಲವೇ? ಗಂಡನು ರಾತ್ರಿ ಕುಡಿದು ಹೊಡೆದಿರುತ್ತಾನೆ. ಬೆಳಿಗ್ಗೆ ನೆರೆಯವಳು ‘ಯಾಕವ್ವಾ, ಮಾರಿ ಯಾಕ ಬಾತದ?’ ಎಂದು ಕೇಳಿದರೆ, ‘ಕತ್ತಲದಾಗ ಬಾಗಲಾ ಬಡೀತು’ ಎಂದು ಇವಳು ಉತ್ತರ ಕೊಡುತ್ತಾಳೆ. ಮಾನ ಕಾಯುವ ಸಲುವಾಗಿ ಆಡಿದ ಸುಳ್ಳು ವ್ಯಸನಕ್ಕೆ ನೆಳಲು ಕೊಡುತ್ತದೆ. ನಿಮ್ಮ ಕಥೆಗಳಲ್ಲಿ ಈ ಬಾಗಿಲು ಬಡಿದವಳು ಎಲ್ಲಿದ್ದಾಳೆ?

ಇನ್ನು ನೆರೆಯವರ ಕಡೆಗೆ ನೋಡೋಣ. ನಮ್ಮ ಸೀಮೆಯ ಹಿರಿಯರು ಮರಾಠಿ ನಾಟಕಗಳನ್ನು ನೋಡಿ ಬೆಳೆದವರು; ಅದರಲ್ಲಿ ಸಂಕೋಚಪಡಬೇಕಾದುದೇನೂ ಇಲ್ಲ. ೧೮೪೩ರಲ್ಲಿ ವಿಷ್ಣುದಾಸ ಭಾವೆಯವರು ಕಾಗವಾಡಕ್ಕೆ ಸಮೀಪದ ಸಾಂಗಲಿಯಲ್ಲಿ ‘ಸೀತಾಸ್ವಯಂವರ’ವನ್ನು ರಂಗಕ್ಕೆ ತಂದುದು ನಮ್ಮ ಕರ್ಕಿಯ ಭಾಗವತರ ಆಟದ ಪ್ರೇರಣೆಯಿಂದ. ಅಂದು ನಾವು ಕೊಟ್ಟೆವು, ಮುಂದೆ ಅವರಿಂದ ತೆಗೆದುಕೊಂಡೆವು. ೧೯೧೯ರಲ್ಲಿ ತೀರಿಕೊಂಡ ರಾಮ ಗಣೇಶ ಗಡಕರಿಯವರ ‘ಏಕಚ ಪ್ಯಾಲಾ’ ಎಂಬ ನಾಟಕವು ಕುಡಿತದ ವಿಷಯವಾಗಿ ನಮ್ಮ ನೆರೆಯಲ್ಲಿ ಹುಟ್ಟಿದ ಅತ್ಯಂತ ಪ್ರಬಲವಾದ ಕೃತಿ. ಅದರ ನಾಯಕ ಸುಧಾಕರನು ಬುದ್ಧಿವಂತ ವಕೀಲ. ನ್ಯಾಯಾಲಯದಲ್ಲಿ ಆದ ಅಪಮಾನದ ಉರಿಯನ್ನು ಆರಿಸಲು ತಳಿರಾಮನು ಒಂದು ಪ್ಯಾಲೆಯನ್ನು ಮುಂದೆ ಹಿಡಿಯುತ್ತಾನೆ. ಒಂದೇ ಪ್ಯಾಲೆ! ಅಲ್ಲಿಂದ ಸುಧಾಕರನ ಪತನವನ್ನು ಗಡಕರಿಯವರು ಮೆಟ್ಟಿಲು ಮೆಟ್ಟಿಲಾಗಿ ತೋರಿಸಿದ್ದಾರೆ. ಆದರೆ ಅವನ ಹೆಂಡತಿ ಸಿಂಧು? ಬಾಲಗಂಧರ್ವರು ಈ ಪಾತ್ರವನ್ನು ವಹಿಸಿದಾಗ ಪ್ರೇಕ್ಷಕರು ಕಣ್ಣೀರು ಸುರಿಸಿದರು. ಅವಳು ಹಸಿಯುತ್ತಾಳೆ, ಬೀಸುತ್ತಾಳೆ, ಸಹಿಸುತ್ತಾಳೆ, ಸಾಯುತ್ತಾಳೆ. ಮೊದಲಿನಿಂದ ಕೊನೆಯ ವರೆಗೆ ಅವಳ ಮನಸ್ಸು ತಿಲಮಾತ್ರವೂ ಅಲುಗುವದಿಲ್ಲ. ಆ ಕಾಲದ ಜನರಿಗೆ ಅದು ಪಾತಿವ್ರತ್ಯದ ಶಿಖರವಾಗಿ ಕಂಡಿತು. ಗುರುವಿನಂಥ ಲೇಖಕನಿಗೆ ಕೈಮುಗಿದೇ ನಾನು ಹೇಳುವೆನು: ಸುಧಾಕರನು ಮನುಷ್ಯನಾಗಿದ್ದಾನೆ, ಸಿಂಧುವು ಮೂರ್ತಿಯಾಗಿದ್ದಾಳೆ.

ಶರಚ್ಚಂದ್ರರ ‘ದೇವದಾಸ’ದಲ್ಲಿ ಇದು ತಿರುವುಮುರುವಾಗಿದೆ. ೧೯೧೭ರಲ್ಲಿ ಪ್ರಕಟವಾದ ಈ ವಂಗ ಕಾದಂಬರಿಯು ೧೯೨೮ರ ಮೂಕಚಿತ್ರದಿಂದ ಮೊದಲ್ಗೊಂಡು ಎಷ್ಟೋ ಸಲ ಬೆಳ್ಳಿತೆರೆಗೆ ಬಂದಿತು. ನಿಮ್ಮ ನಾಯಕರೆಲ್ಲರೂ ಅವನ ವಂಶದವರೇ. ಆದರೆ ಪುಸ್ತಕವನ್ನು ಓದಿದವರು ಬಲ್ಲರು: ಅದರಲ್ಲಿ ಬೆಳೆಯದೆ ಉಳಿದವನು ದೇವದಾಸನೊಬ್ಬನೇ. ನಿರ್ಧಾರದ ಗಳಿಗೆಯಲ್ಲಿ ತಂದೆತಾಯಿಗಳಿಗೆ ಅಂಜಿ ಹಿಂದೆ ಸರಿದವನು ಅವನು. ಆ ಮೇಲೆ ಮೀನಿನ ಗಾಳದ ಕೋಲಿನಿಂದ ಪಾರ್ವತಿಯ ಹಣೆಗೆ ಹೊಡೆದು ಗಾಯ ಮಾಡಿದವನೂ ಅವನೇ. ಪಾರ್ವತಿಯು ಮುದುಕನ ಮನೆಯನ್ನು ತುಂಬಿ, ಆ ಮನೆಯ ಮಕ್ಕಳಿಗೆ ತಾಯಿಯಾಗುತ್ತಾಳೆ. ಚಂದ್ರಮುಖಿಯು ತನ್ನ ವೃತ್ತಿಯನ್ನೇ ತೊರೆದು ಹಳ್ಳಿಗೆ ಹೋಗಿ ಬೇರೆಯ ಬಾಳು ಬಾಳುತ್ತಾಳೆ. ದೇವದಾಸನಿಗೋಸ್ಕರ ಕನಿಕರಪಡಿರೆಂದು ಲೇಖಕರು ಕೊನೆಯಲ್ಲಿ ಓದುಗರನ್ನು ಬೇಡಿಕೊಂಡಿದ್ದಾರೆ. ಅವನಂತೆ ಆಗಿರೆಂದು ಎಲ್ಲಿಯೂ ಹೇಳಿಲ್ಲ. ಕನಿಕರದ ಪಾತ್ರವನ್ನು ನಾವು ಅನುಕರಣದ ಪಾತ್ರವನ್ನಾಗಿ ಮಾಡಿಕೊಂಡೆವು. ಹಣೆಯ ಮೇಲಿನ ಗಾಯವು ಒಲವಿನ ಗುರುತೆಂದು ನಂಬಿದ ಹುಡುಗಿಯು ನಾಳೆ ಹೊಡೆಯುವವನ ಕೈಯನ್ನೇ ಹಿಡಿದಾಳು. ಕಥೆಯಿಂದ ಇಂಥ ಕೇಡೂ ಆಗಬಲ್ಲದು. ಇದಕ್ಕಾಗಿಯೇ ನಾನು ಇಷ್ಟು ನಿಷ್ಠುರವಾಗಿ ಮಾತನಾಡುತ್ತಿದ್ದೇನೆ.

ನಮ್ಮ ಜಿಲ್ಲೆಯ ಬೈಲಹೊಂಗಲ ಸೀಮೆಯ ಸಣ್ಣಾಟವಾದ ‘ಸಂಗ್ಯಾ ಬಾಳ್ಯಾ’ವನ್ನೂ ನೆನೆಯಿರಿ. ಗೆಳೆಯನ ಹೆಂಡತಿಯಾದ ಗಂಗೆಯ ಮೇಲೆ ಸಂಗ್ಯಾ ಮನಸ್ಸಿಡುತ್ತಾನೆ. ಕಥೆಯು ಕೊಲೆಯಲ್ಲಿ ಮುಗಿಯುತ್ತದೆ. ಆದರೆ ಜನಪದ ಕವಿಯು ಆಟದ ಹೆಸರಿನಲ್ಲಿ ಬಾಳ್ಯಾನನ್ನೂ ಸೇರಿಸಿದನು. ಕೆಡುವವನ ಪಕ್ಕದಲ್ಲಿ ನಿಂತು ಕೆಡಲು ನೆರವಾದ ಗೆಳೆಯನಿಗೂ ಪಾಪದಲ್ಲಿ ಪಾಲುಂಟೆಂದು ಹೆಸರೇ ಸಾರುತ್ತದೆ. ತಳಿರಾಮನೂ ಬಾಳ್ಯಾನೂ ಒಂದೇ ಜಾತಿಯವರು. ನಿಮ್ಮ ಕಥೆಗಳಲ್ಲಿ ಇವರೂ ಇಲ್ಲ. ನಿಮ್ಮ ಕುಡುಕನಿಗೆ ಬಾಟಲಿಯನ್ನು ಗಾಳಿಯೇ ತಂದುಕೊಡುವಂತಿದೆ.

ಹಾಗಾದರೆ ನಮ್ಮ ಸೀಮೆಯಲ್ಲಿ ಬರೆಯತಕ್ಕ ಕಥೆ ಯಾವುದು? ಕಾಯಿದೆಗಳಿಂದ ಆಗುವಷ್ಟು ಆಗಿ ಹೋಗಿದೆ. ನಾವು ಮುಂಬಯಿ ರಾಜ್ಯದಲ್ಲಿದ್ದಾಗ ೧೯೪೯ರ ಪಾನನಿರೋಧದ ಕಾಯಿದೆ ಬಂತು. ನಾಡು ಒಂದಾದ ಬಹುಕಾಲದ ಮೇಲೆ, ೨೦೦೭ರಲ್ಲಿ, ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅಂಗಡಿಯನ್ನು ಮುಚ್ಚುವದು ಸರಕಾರದ ಕೈಯಲ್ಲಿದೆ. ಮನಸ್ಸಿನೊಳಗಿನ ವಾದವನ್ನು ತೆರೆದು ತೋರಿಸುವದು ಲೇಖಕನ ಕೈಯಲ್ಲಿದೆ. ೧೯೮೦ರ ಸುಮಾರಿಗೆ ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಸಂಘಟಿತರಾಗಿ, ನ್ಯಾಯವಾದ ಕೂಲಿಗಾಗಿ ಎದ್ದು ನಿಂತರು. ಅಂಥವಳೊಬ್ಬಳ ಮನೆಯಲ್ಲಿ ಕುಡಿಯುವ ಗಂಡನಿದ್ದನೆಂದು ಭಾವಿಸಿರಿ. ಅವಳು ಒಂದು ಕಾಲದಲ್ಲಿ ಅವನಿಗೆ ಒಲಿದೇ ಬಂದವಳೆಂದೂ ಭಾವಿಸಿರಿ. ಹಗಲೆಲ್ಲ ಘಾಟಿನಲ್ಲಿ ದುಡಿದು ತಂದ ಹಣವನ್ನು ಅವನು ಮೊದಲನೆಯ ದಿನ ಕೇಳಿ ಪಡೆಯುತ್ತಾನೆ. ಮುಂದೆ ಕೇಳದೆ ತೆಗೆಯುತ್ತಾನೆ. ಆ ಮುಂದೆ ಹೊಡೆದು ಕಸಿಯುತ್ತಾನೆ. ಅವಳು ಮೊದಲು ‘ಬಾಗಲಾ ಬಡೀತು’ ಎನ್ನುತ್ತಾಳೆ. ಒಂದು ದಿನ, ನೂರು ಹೆಂಗಸರ ನಡುವೆ ಕೂತಾಗ, ನಿಜವನ್ನು ಹೇಳುತ್ತಾಳೆ. ಆ ದಿನ ಅವಳು ಅವನನ್ನು ಬಿಡುವಳೋ, ಉಳಿಸಿಕೊಳ್ಳುವಳೋ, ನಾನು ಹೇಳಲಾರೆ. ಅದು ನಿಮ್ಮ ಕೆಲಸ. ಅವನು ಏಳುವನೋ, ಬೀಳುವನೋ, ಅದೂ ನಿಮ್ಮ ಕೆಲಸವೇ. ಆದರೆ ಅವಳು ನಿಜವನ್ನು ನುಡಿದ ಆ ಗಳಿಗೆಯಲ್ಲಿ ಸಿಂಧುವಿಗೆ ದೊರೆಯದ ಬೆಳವಣಿಗೆಯು ಅವಳಿಗೆ ದೊರೆಯುವದು.

೧೯೫೬ನೆಯ ನವೆಂಬರ ೧ರಂದು ನಾಡು ಒಂದಾಯಿತು. ನಮ್ಮ ಹಿರಿಯರು ಅದಕ್ಕಾಗಿ ಊರೂರು ತಿರುಗಿದರು, ಪತ್ರಿಕೆ ನಡೆಯಿಸಿದರು, ಸೆರೆಮನೆಗೆ ಹೋದರು. ನಕಾಶೆಯಲ್ಲಿ ಗೆರೆ ಎಳೆಯಿಸುವದು ಅವರ ಪಾಲಿನ ಕೆಲಸವಾಗಿತ್ತು. ಆ ಗೆರೆಯ ಒಳಗಿನ ಮನೆಗಳಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಕನ್ನಡದಲ್ಲಿ ಬರೆದಿಡುವ ಕೆಲಸವು ನಮ್ಮ ಪಾಲಿಗೆ ಬಂದಿದೆ. ಗಡಿಯ ಕನ್ನಡಿಗನು ತನ್ನ ಮನೆಯ ದುಃಖವನ್ನು ತನ್ನ ಮಾತಿನಲ್ಲಿ ಹೇಳಿಕೊಳ್ಳಲಾರದೆ ಹೋದರೆ ಹಿರಿಯರ ದುಡಿಮೆಯು ಅರ್ಧಕ್ಕೆ ನಿಂತಂತಾಗುವದು.

ಆದುದರಿಂದ ತರುಣ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೇ. ನೀವು ಕಳಿಸಿದ ಕಥೆಗಳನ್ನು ಮರಳಿ ಕೊಡುತ್ತಿದ್ದೇನೆ. ಒಂದನ್ನೂ ಹರಿದು ಹಾಕಬೇಡಿರಿ. ಮನೆಗೆ ಹೋಗಿ, ನಾಯಕನು ಮೊದಲನೆಯ ಸಲ ಬಾಟಲಿಯನ್ನು ಹಿಡಿಯುವ ಪುಟವನ್ನು ತೆರೆಯಿರಿ; ಅದನ್ನು ಅವನ ಕೈಗೆ ಕೊಟ್ಟವರು ಯಾರು, ಅವನು ತನಗೆ ತಾನು ಹೇಳಿಕೊಂಡ ಕಾರಣವೇನು, ಅದೇ ಹೊತ್ತಿಗೆ ಮನೆಯಲ್ಲಿ ಎಚ್ಚರವಿದ್ದವರು ಯಾರು, ಈ ಮೂರನ್ನು ಬರೆಯಿರಿ. ಮುಂದಿನ ಕೂಟಕ್ಕೆ ಆ ಪುಟವೊಂದನ್ನೇ ತನ್ನಿರಿ. ನಾವೆಲ್ಲರೂ ಕೂಡಿ ಓದೋಣ.