ಇಂಗ್ಲಿಷು ದೊಡ್ಡದಾದದ್ದು ಹೇಗೆ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)

ಹಳ್ಳಿಯಿಂದ ಬಂದು ಹಾಸ್ಟೆಲು ಸೇರಿದ ನಮ್ಮ ಹುಡುಗರು ಕಾಲೇಜಿನಲ್ಲಿ ಮೊದಲು ಹೆದರೋದು ಇಂಗ್ಲಿಷಿಗೆ. ಗೊತ್ತಿರುವ ಉತ್ತರವನ್ನೂ ಹೇಳದೆ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರ್ತಾರೆ. ಇಂಗ್ಲಿಷು ಹುಟ್ಟಿನಿಂದಲೇ ದೊಡ್ಡದು, ನಮ್ಮ ಮಾತು ಕೀಳು ಅನ್ನೋ ಭಾವನೆ ಈ ಹೆದರಿಕೆಯ ಬುಡದಲ್ಲಿದೆ. ಹುಟ್ಟಿನಿಂದ ಮೇಲು, ಹುಟ್ಟಿನಿಂದ ಕೀಳು: ಈ ಮಾತನ್ನು ನಾವು ಬೇರೆ ಕಡೆಯೂ ಕೇಳಿದ್ದೇವಲ್ಲವೆ? ಜಾತಿಯ ವಿಚಾರದಲ್ಲಿ ಅದು ಎಷ್ಟು ಸುಳ್ಳೋ, ಭಾಷೆಯ ವಿಚಾರದಲ್ಲೂ ಅಷ್ಟೇ ಸುಳ್ಳು.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಆಮೇಲೆ ಸುಮಾರು ಮುನ್ನೂರು ವರ್ಷ ಅರಮನೆಯಲ್ಲಿ, ದಣಿಗಳ ಮನೆಯಲ್ಲಿ ಫ್ರೆಂಚಿನದೇ ದರ್ಬಾರು, ಚರ್ಚಿನಲ್ಲಿ ಲ್ಯಾಟಿನ್. ಇಂಗ್ಲಿಷು ಉಳುವವರ, ದನ ಕಾಯುವವರ ಬಾಯಲ್ಲಿ ಉಳಿಯಿತು. ಆ ಗುರುತು ಇವತ್ತಿಗೂ ಅದರ ಮೈಮೇಲಿದೆ. ಕೊಟ್ಟಿಗೆಯಲ್ಲಿರುವ ದನ 'ಕೌ', ಅದು ಆಳಿನ ಮಾತು. ತಟ್ಟೆಗೆ ಬಂದರೆ 'ಬೀಫ್', ಅದು ದಣಿಯ ಫ್ರೆಂಚಿನಿಂದ ಬಂದದ್ದು. ಕುರಿಯೂ ಹಾಗೇ: ಮೇಯಿಸುವಾಗ 'ಶೀಪ್', ಉಣ್ಣುವಾಗ 'ಮಟನ್'. ಜನಕ್ಕೆ ಫ್ರೆಂಚು ತಿಳಿಯದು, ಕೋರ್ಟಿನ ವಾದ ಇಂಗ್ಲಿಷಿನಲ್ಲಿ ನಡೆಯಲಿ ಅಂತ 1362ರಲ್ಲಿ ಕಾಯಿದೆಯಾಯಿತು. ಆ ಕಾಯಿದೆಯನ್ನು ಬರೆದದ್ದೂ ಫ್ರೆಂಚಿನಲ್ಲೇ!

ಹಾಗಾದರೆ ಈ ಆಳುಗಳ ಭಾಷೆ ಲೋಕಕ್ಕೆಲ್ಲ ಹಬ್ಬಿದ್ದು ಹೇಗೆ? ಅದರ ಅಂದಚೆಂದದಿಂದಲ್ಲ. ಹಡಗಿನಿಂದ, ಬಂದೂಕಿನಿಂದ, ವ್ಯಾಪಾರದಿಂದ. 1600ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. 1607ರಲ್ಲಿ ಇಂಗ್ಲಿಷರು ಅಮೆರಿಕದ ಜೇಮ್ಸ್‌ಟೌನಿನಲ್ಲಿ ನೆಲೆಯೂರಿದರು. ಅಲ್ಲಿನ ಮೂಲ ಜನರ ನೆಲ ಹೋಯಿತು, ನೆಲದ ಜೊತೆ ಎಷ್ಟೋ ನುಡಿಗಳೂ ಹೋದವು. ಆಫ್ರಿಕಾದಿಂದ ಸಂಕೋಲೆ ಹಾಕಿ ತಂದವರನ್ನು ಬಾರ್ಬಡೋಸ್, ಜಮೈಕಾಗಳ ಕಬ್ಬಿನ ತೋಟದಲ್ಲಿ ದುಡಿಸಿದರು. ಬೇರೆ ಬೇರೆ ನುಡಿಯ ಆ ಜನ ದಣಿಯ ಇಂಗ್ಲಿಷನ್ನೇ ಮುರಿದು ತಮ್ಮದೊಂದು ಮಾತು ಕಟ್ಟಿಕೊಂಡರು.

ಯುರೋಪಿನ ರಾಜತಂತ್ರದಲ್ಲಿ ಮಾತ್ರ ಬಹುಕಾಲ ಫ್ರೆಂಚೇ ಮುಂದಿತ್ತು. 1919ರ ವರ್ಸೇಲ್ಸ್ ಒಪ್ಪಂದದಲ್ಲಿ ಇಂಗ್ಲಿಷು ಅದರ ಸಮಕ್ಕೆ ಕೂತಿತು. ಎರಡನೇ ಮಹಾಯುದ್ಧದ ನಂತರ ಬ್ರಿಟನ್ ಬಡವಾಯಿತು. ಅಮೆರಿಕದ ಡಾಲರು, ವಿಜ್ಞಾನ, ಸಿನಿಮಾ, ಕಂಪ್ಯೂಟರು ಅದೇ ಭಾಷೆಯನ್ನು ಹೊತ್ತು ನಡೆದವು.

ಇನ್ನು ನಮ್ಮ ದೇಶ. ಆಳುವವರಿಗೂ ಕೋಟ್ಯಂತರ ಜನರಿಗೂ ನಡುವೆ ದುಭಾಷಿಗಳ ಒಂದು ವರ್ಗ ಬೇಕು ಅಂತ ಮೆಕಾಲೆ 1835ರಲ್ಲಿ ಬರೆದ. ಆಗಲೇ ಅಕ್ಷರ ಕೈಯಲ್ಲಿದ್ದ ಮೇಲ್ಜಾತಿಗಳೇ ಹೆಚ್ಚಾಗಿ ಆ ವರ್ಗವಾದರು. ನಮ್ಮವರಿಗೆ? 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಮಹಾರರ ಹುಡುಗನೊಬ್ಬ ಅರ್ಜಿ ಕೊಟ್ಟ. ಒಬ್ಬನಿಗಾಗಿ ಊರ ಕಟ್ಟಳೆ ಮುರಿಯಲಾಗದು ಅನ್ನೋ ಧಾಟಿಯಲ್ಲಿ ಮುಂಬಯಿ ಸರ್ಕಾರ ಅವನನ್ನು ಹೊರಗೇ ನಿಲ್ಲಿಸಿತು. ಬಿಳಿಯರ ಭಾಷೆ ಬಂತು, ಬಾಗಿಲಲ್ಲಿ ಹಳೇ ಕಾವಲುಗಾರರೇ ಇದ್ದರು.

ಆ ಬಾಗಿಲನ್ನು ಒದ್ದು ತೆರೆದವರು ಬಾಬಾಸಾಹೇಬರು. 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋಗಿ ಓದಿದರು. ಆದರೆ 1920ರಲ್ಲಿ 'ಮೂಕನಾಯಕ' ಪತ್ರಿಕೆ ತಂದದ್ದು ಮರಾಠಿಯಲ್ಲಿ. 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಮಾತಾಡಿದ್ದು ಇಂಗ್ಲಿಷಿನಲ್ಲಿ. ಕೇರಿಯ ಜನಕ್ಕೆ ಕೇರಿಯ ಮಾತು, ದೊರೆಗಳ ಎದುರು ದೊರೆಗಳ ಮಾತು. ಎರಡೂ ಅವರ ಕೈಯ ಆಯುಧಗಳೇ.

ಆದ್ದರಿಂದ ಗೆಳೆಯರೆ, ಇಂಗ್ಲಿಷಿಗೆ ಕೈ ಮುಗಿಯುವುದೂ ಬೇಡ, ಅದರಿಂದ ಓಡಿಹೋಗುವುದೂ ಬೇಡ. 'ಇಂಗ್ಲಿಷು ಯಾಕೆ ಬೇಕು' ಅಂತ ನಮಗೆ ಬುದ್ಧಿ ಹೇಳುವವರ ಮಕ್ಕಳು ಎಲ್ಲಿ ಓದ್ತಾರೆ ಅಂತ ಮೊದಲು ಕೇಳೋಣ. ದಿನಾ ಸಂಜೆ ಹಾಸ್ಟೆಲಿನಲ್ಲಿ ಹತ್ತು ಜನ ಕೂತು ಒಂದು ಇಂಗ್ಲಿಷ್ ಪೇಪರನ್ನು ಗಟ್ಟಿಯಾಗಿ ಓದೋಣ. ತಪ್ಪು ಮಾತಾಡಿದವನನ್ನು ಕಂಡು ಯಾರೂ ನಗಬಾರದು. ಕಲಿತವನು ಕೇರಿಗೆ ಹೋದಾಗ ಅವ್ವನ ಮಾತಿಗೆ ನಾಚಬಾರದು. ದನ ಕಾಯುವವರ ಭಾಷೆ ಲೋಕ ಸುತ್ತಿದೆ. ದನ ಕಾದವರ ಮಕ್ಕಳು ಅದನ್ನು ಕಲಿಯಲಾರರೆ?

ಜೈ ಭೀಮ್.