ಮಿದುಳಿನ ನೀರುಗಂಟಿಗಳು



ರಾಜ್ಯೋತ್ಸವದ ಸಭೆಯಲ್ಲಿ ರಕ್ತನಾಳದ ಮಾತೇ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಆದರೆ ಊರಿನಿಂದ ಬಂದು ನಾಲ್ಕು ದಿನ ಇದ್ದುಹೋಗುವ ತಂದೆತಾಯಿ, ಅತ್ತೆಮಾವ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಅವರಿಗೆ ಲಕ್ವ ಹೊಡೆದ ದಿನ ಯಾವ ತಿಳಿವಳಿಕೆ ಬೇಕಾಗುವುದೋ ಅದನ್ನು ಮೊದಲೇ ಕೂಡಿಟ್ಟುಕೊಳ್ಳುವುದು ಲೇಸೆಂದು ಈ ವಿಷಯವನ್ನು ಆರಿಸಿಕೊಂಡೆ.

ಮಿದುಳಿನ ತೂಕ ಹೆಚ್ಚುಕಡಿಮೆ 1.4 ಕಿಲೊ, ಮೈತೂಕದ ನೂರರಲ್ಲಿ ಎರಡು ಪಾಲು. ಆದರೂ ನಾವು ಸುಮ್ಮನೆ ಕುಳಿತಿರುವಾಗ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಅದೇ ನುಂಗುತ್ತದೆ. ಮಿನಿಟಿಗೆ ಮುಕ್ಕಾಲು ಲೀಟರಿನಷ್ಟು ರಕ್ತ ಅದಕ್ಕೆ ಸಲ್ಲಬೇಕು. ಇಷ್ಟು ಖರ್ಚಿನ ಮನೆಯಲ್ಲಿ ಉಗ್ರಾಣವೆಂಬುದೇ ಇಲ್ಲವೆನ್ನಬಹುದು. ಹರಿವು ಪೂರ್ತಿ ನಿಂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ.

ಇತ್ತ ರಕ್ತದ ಒತ್ತಡವೋ, ಒಂದೇ ಸಮನಿರುವ ವಸ್ತುವಲ್ಲ. ಹಾಸಿಗೆಯಿಂದ ಎದ್ದರೆ ಒಂದು, ತಾಂಬರಂ ಗಾಡಿ ಹಿಡಿಯಲು ಮೇಲ್ಸೇತುವೆ ಹತ್ತಿ ಓಡಿದರೆ ಒಂದು, ಬಾಡಿಗೆಯ ವಿಷಯ ಮನೆಯೊಡೆಯರೊಡನೆ ಮಾತು ಬೆಳೆದರೆ ಇನ್ನೊಂದು. ಹಾಗಿದ್ದೂ ಮಿದುಳಿಗೆ ಹೋಗುವ ರಕ್ತ ಹೆಚ್ಚು ಏರುಪೇರಾಗದಿರುವುದು ಹೇಗೆ?

ಹಳೆಯ ಮೈಸೂರು ಸೀಮೆಯ ಕೆರೆಗಳ ಕೆಳಗೆ ನೀರುಗಂಟಿ ಎಂಬವನಿರುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು. ಕೆರೆ ಕೋಡಿ ಬಿದ್ದಿರಲಿ, ಅರ್ಧಕ್ಕೆ ಇಳಿದಿರಲಿ, ತೂಬು ಎತ್ತಿ ಇಳಿಸಿ, ಕಾಲುವೆಯ ಬಾಯಿ ಕಟ್ಟಿ ಬಿಚ್ಚಿ, ಒಂದೊಂದು ಗದ್ದೆಗೂ ಸಲ್ಲಬೇಕಾದ ನೀರನ್ನು ಸಲ್ಲಿಸುವುದು ಅವನ ಕೆಲಸ. ಮಿದುಳಿನ ಕಿರು ಅಪಧಮನಿಗಳ ಗೋಡೆಯಲ್ಲಿರುವ ಸ್ನಾಯುಗಳು ಇಂಥ ನೀರುಗಂಟಿಗಳು. ಒತ್ತಡ ಏರಿದರೆ ಅವು ಬಿಗಿದು ನಾಳವನ್ನು ಕಿರಿದು ಮಾಡುತ್ತವೆ. ಇಳಿದರೆ ಸಡಿಲಿ ಅಗಲಿಸುತ್ತವೆ. ರಕ್ತನಾಳಕ್ಕೆ ಇಂಥ ಸ್ವಭಾವವುಂಟೆಂದು ಇಂಗ್ಲೆಂಡಿನ ಬೇಲಿಸ್ 1902ರಲ್ಲಿ ತೋರಿಸಿಕೊಟ್ಟ. ಡೆನ್ಮಾರ್ಕಿನ ಲಾಸೆನ್ 1959ರಲ್ಲಿ ಅದುವರೆಗಿನ ಅಳತೆಗಳನ್ನೆಲ್ಲ ಒಟ್ಟುಗೂಡಿಸಿ ಮಿದುಳಿನ ಈ ಕೌಶಲದ ನಕ್ಷೆ ಬರೆದ. ಸರಾಸರಿ ಒತ್ತಡ 60ರಿಂದ 150ರವರೆಗೆ ಎಲ್ಲಿದ್ದರೂ ಹರಿವು ಸಮವೆಂದು ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. ಈ ಮೇರೆ ಅಷ್ಟು ಅಗಲವಲ್ಲವೆಂದು ಇತ್ತೀಚಿನವರ ಮತ.

ನೀರುಗಂಟಿಗೆ ಇನ್ನೊಂದು ಕೆಲಸವಿದೆ: ಯಾವ ಗದ್ದೆಗೆ ಬಾಯಾರಿದೆಯೋ ಅದಕ್ಕೆ ಹೆಚ್ಚು ಬಿಡುವುದು. ಮಿದುಳಿನ ಯಾವ ಭಾಗ ದುಡಿಯುವುದೋ ಅಲ್ಲಿಗೆ ರಕ್ತ ಹೆಚ್ಚುವುದೆಂದು ರಾಯ್ ಮತ್ತು ಷೆರಿಂಗ್‌ಟನ್ 1890ರಲ್ಲೇ ಬರೆದರು. ಅದಕ್ಕೂ ಮೊದಲು ಇಟಲಿಯ ಮೊಸ್ಸೊ ಎಂಬಾತ ತಕ್ಕಡಿಯಂಥ ಹಲಗೆಯ ಮೇಲೆ ಮನುಷ್ಯರನ್ನು ಮಲಗಿಸಿ, ಯೋಚನೆಗೆ ಹಚ್ಚಿ, ತಲೆಯ ಕಡೆ ತೂಗುವುದೇ ಎಂದು ನೋಡಿದ. (ನಮ್ಮ ಕೆಲವರನ್ನು ಅದರ ಮೇಲೆ ಮಲಗಿಸಬೇಕೆಂದು ನನಗೆ ಆಸೆಯುಂಟು!) ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೂ ಈ ನಾಳಗಳು ಅಗಲವಾಗುತ್ತವೆ, ಕಡಿಮೆಯಾದರೆ ಕಿರಿದಾಗುತ್ತವೆ. ನಮ್ಮ ಅಜ್ಜಿಯರು ಹಸಿ ಸೌದೆಗೆ ಊದುಗೊಳವೆಯಿಂದ ಊದಿ ಊದಿ ‘ತಲೆ ಸುತ್ತು ಬಂತು’ ಎನ್ನುತ್ತಿದ್ದರಲ್ಲ, ಹೊಗೆಯೊಂದೇ ಅದಕ್ಕೆ ಕಾರಣವಲ್ಲ.

ಇನ್ನು ರೋಗದ ಮಾತು. ನಮ್ಮ ಪೇಟೆಗೆ ಹೆಸರು ಬಂದದ್ದು ಕ್ರೋಂ ಚರ್ಮದ ಕಾರ್ಖಾನೆಯಿಂದ. ಜೀವದ ತೊಗಲನ್ನು ಮುಟ್ಟಿದರೆ ಅದು ಅದಿರುತ್ತದೆ. ಹದಮಾಡಿದ ಚರ್ಮ ಮುಟ್ಟಿದರೂ ಸುಮ್ಮನಿರುತ್ತದೆ. ವರ್ಷಗಟ್ಟಲೆ ಹೆಚ್ಚಿನ ಒತ್ತಡ ಹೊತ್ತ ನಾಳಗಳ ಗೋಡೆ ದಪ್ಪವಾಗಿ, ಬಿಗಿದು ಸಡಿಲುವ ಜಾಣ್ಮೆ ಕುಗ್ಗುತ್ತದೆ. ಅವುಗಳ ಮೇರೆಯೇ ಮೇಲಕ್ಕೆ ಸರಿದಿರುತ್ತದೆ. ಅಂಥವರ ಒತ್ತಡವನ್ನು ಒಮ್ಮೆಗೇ ಇಳಿಸಿದರೆ ಬೇರೆಯವರಿಗೆ ಸಾಕಾಗುವ ಒತ್ತಡ ಅವರ ಮಿದುಳಿಗೆ ಸಾಲದು. ಆದ್ದರಿಂದಲೇ ವೈದ್ಯರು ಮೆಲ್ಲಮೆಲ್ಲನೆ ಇಳಿಸುತ್ತಾರೆ. ನಮ್ಮವರು ಮಾಡುವುದೇನು? ಹದಿನೈದು ದಿನದ ಮಾತ್ರೆ ತಂದು, ಮೊಮ್ಮಕ್ಕಳ ಮೋಹದಲ್ಲಿ ಒಂದು ತಿಂಗಳು ಇದ್ದು, ‘ಊರಿಗೆ ಹೋಗಿ ತೊಗೊಂಡರಾಯ್ತು ಬಿಡಪ್ಪ’ ಎನ್ನುವುದು. ಹೀಗೆ ಬಿಟ್ಟ ಹದಿನೈದು ದಿನ ಸಣ್ಣ ಮಾತಲ್ಲ.

ಲಕ್ವ ಐದರಲ್ಲಿ ನಾಲ್ಕು ಪಾಲು ರಕ್ತನಾಳ ಕಟ್ಟಿಕೊಂಡು ಬರುವಂಥದು. ಉಳಿದದ್ದು ನಾಳ ಒಡೆದು. ನಾಳ ಕಟ್ಟಿದಾಗ ಆಚೆಯ ನೀರುಗಂಟಿಗಳು ತಮ್ಮ ತೂಬುಗಳನ್ನೆಲ್ಲ ಪೂರಾ ತೆರೆದುಬಿಡುತ್ತವೆ. ಇನ್ನು ತೆರೆಯಲು ಉಳಿದಿರುವುದಿಲ್ಲ. ಅಕ್ಕಪಕ್ಕದಿಂದ ಬರುವ ರಕ್ತ ಒತ್ತಡವೊಂದನ್ನೇ ನಂಬಿರುತ್ತದೆ. ಆ ಹೊತ್ತಿನಲ್ಲಿ ‘ಬೀಪಿ ಏರಿದೆ’ ಎಂದು ಮನೆಯಲ್ಲೇ ನಾಲಗೆಯಡಿ ಮಾತ್ರೆ ಇಡುವುದು ಅಪಾಯ. 100 ಗ್ರಾಂ ಮಿದುಳಿಗೆ ಮಿನಿಟಿಗೆ ಸುಮಾರು 50 ಮಿಲಿಲೀಟರ್ ರಕ್ತ ಬೇಕು. ಅದು 20ರ ಕೆಳಗಿಳಿದರೆ ಕೆಲಸ ನಿಲ್ಲುತ್ತದೆ, ಜೀವಕೋಶ ಕೆಲ ಹೊತ್ತು ಬದುಕಿರುತ್ತದೆ. 10ರ ಕೆಳಗೆ ಬೇಗ ಸಾಯುತ್ತದೆ. ಕೈ ಬಿದ್ದುಹೋದರೂ ಕೋಶಗಳೆಲ್ಲ ಸತ್ತಿಲ್ಲವೆಂಬುದೇ ಇಲ್ಲಿ ಆಶೆಯ ಎಳೆ. ದೊಡ್ಡ ನಾಳ ಕಟ್ಟಿದರೆ ಮಿನಿಟಿಗೆ 19 ಲಕ್ಷ ನರಕೋಶಗಳು ನಾಶವಾಗುವುವೆಂದು 2006ರಲ್ಲಿ ಒಬ್ಬರು ಲೆಕ್ಕ ಕಟ್ಟಿದ್ದಾರೆ.

ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದೂ ಸ್ಕ್ಯಾನ್ ಮಾಡಿ, ರಕ್ತಸ್ರಾವವಲ್ಲವೆಂದು ಕಂಡಮೇಲೆ. ನಮ್ಮ ಕೆಲವು ಊರುಗಳಲ್ಲಿ ಪಾರಿವಾಳದ ರಕ್ತ ಸವರುವ ಪದ್ಧತಿಯಿದೆ. ಅದರಿಂದ ಹೊತ್ತು ಹಾಳು. ಪರಊರಿನಲ್ಲಿರುವ ನಮಗೆ ಇನ್ನೊಂದು ಚಪಲ: ‘ಬೆಂಗಳೂರಿನ ನಿಮ್ಹಾನ್ಸಿಗೇ ಕರೆದೊಯ್ಯೋಣ’ ಎಂದು ಕಾರು ಹತ್ತಿಸುವುದು. 1974ರಿಂದ ಆ ಹೆಸರು ಹೊತ್ತ ಸಂಸ್ಥೆ ದೊಡ್ಡದೇ, ಸಂದೇಹವಿಲ್ಲ. ಆದರೆ ಅದು ಸುಮಾರು 350 ಕಿಲೊಮೀಟರ್ ಆಚೆ ಇದೆ. ದಾರಿಯಲ್ಲೇ ಆ ಅವಧಿ ಮುಗಿದುಹೋಗುತ್ತದೆ. ಡಾ. ಬಿ. ರಾಮಮೂರ್ತಿಯವರು 1950ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ಆರಂಭಿಸಿದ ಊರು ಈ ಚೆನ್ನೈ. 108ಕ್ಕೆ ಫೋನ್ ಮಾಡಿ, ಸ್ಕ್ಯಾನೂ ಈ ಮದ್ದೂ ಇರುವ ಹತ್ತಿರದ ಆಸ್ಪತ್ರೆಗೆ ಹೋಗುವುದೇ ಸರಿ.

ಅಲ್ಲಿ ಮೊದಲು ಕೇಳುವುದು, ಯಾವಾಗ ಶುರುವಾಯಿತು ಎಂದು. ಕಂಡ ಹೊತ್ತನ್ನಲ್ಲ, ಕೊನೆಯ ಸಲ ಚೆನ್ನಾಗಿದ್ದ ಹೊತ್ತನ್ನು ಹೇಳಬೇಕು. ತಿನ್ನುತ್ತಿರುವ ಮಾತ್ರೆಗಳನ್ನೂ ಕೈಯಲ್ಲಿ ಹಿಡಿದು ಹೋಗಿರಿ. ಆಮೇಲೆ ಮಾತಿನ ಪರೀಕ್ಷೆ. ಕನ್ನಡವೊಂದನ್ನೇ ಬಲ್ಲ ನಮ್ಮ ತಾಯಿ ತಮಿಳಿನ ಪ್ರಶ್ನೆಗೆ ಸುಮ್ಮನಿದ್ದರೆ, ಅದು ಭಾಷೆ ತಿಳಿಯದ ಮೌನವೋ ರೋಗದ ಮೌನವೋ ಎಂಬುದನ್ನು ವೈದ್ಯರು ಹೇಗೆ ಅರಿತಾರು? ತೊದಲುತ್ತಿದ್ದಾರೆಯೆ, ಲೋಟಕ್ಕೆ ಬಾಗಿಲು ಎನ್ನುತ್ತಿದ್ದಾರೆಯೆ, ಮೊಮ್ಮಗನ ಹೆಸರು ಬಾಯಿಗೆ ಬರುತ್ತಿಲ್ಲವೆ, ಇದು ಕನ್ನಡದ ಕಿವಿಗೆ ಮಾತ್ರ ಗೊತ್ತಾಗುತ್ತದೆ. ಆಸ್ಪತ್ರೆಯ ಕಾಗದಪತ್ರಕ್ಕೆ ಯಾರಾದರೂ ಓಡಾಡಲಿ. ಮನೆಯವರೊಬ್ಬರು ಮಂಚದ ಬಳಿಯೇ ನಿಂತು, ಕನ್ನಡದಲ್ಲಿ ಮಾತಾಡಿಸಿ, ಕೇಳಿದ್ದನ್ನು ಕೇಳಿದ ಹಾಗೆಯೇ ವೈದ್ಯರಿಗೆ ಹೇಳುತ್ತಿರಲಿ.