ಆರೋಗ್ಯವೂ ಅಮಾನತ್, ಮೈದಾನವೂ ಸದಕಾ
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಸಲಾತ್ ಮತ್ತು ಸಲಾಮ್ ಇರಲಿ.

ಮಾನ್ಯ ಸಹೋದರರೇ, ಮೊದಲು ನಮಗೂ ಬಳಿಕ ನಿಮಗೂ ತಕ್ವಾದ ಉಪದೇಶ ನೀಡುತ್ತೇವೆ.

ಜುಮಾ ಮುಗಿಯುತ್ತಲೇ ಮಸೀದಿಯ ಬಾಗಿಲಲ್ಲಿ ಯಾರಾದರೊಬ್ಬರು ಚಿಕಿತ್ಸೆಯ ಕಾಗದಪತ್ರ ಹಿಡಿದು ನಿಂತಿರುವುದನ್ನು ನಾವೆಲ್ಲ ಕಾಣುತ್ತೇವೆ. ಒಬ್ಬರಿಗೆ ವಾರಕ್ಕೆರಡು ಸಲ ಡಯಾಲಿಸಿಸ್, ಇನ್ನೊಬ್ಬರಿಗೆ ಬೈಪಾಸ್, ಮತ್ತೊಬ್ಬರ ಕಾಲಿನ ಗಾಯ ಸಕ್ಕರೆ ಕಾಯಿಲೆಯಿಂದ ಮಾಯುತ್ತಿಲ್ಲ. ಸಮುದಾಯ ಕೈ ಬಿಚ್ಚಿ ಕೊಡುತ್ತದೆ. ಅಲ್ಲಾಹನು ಆ ದಾನವನ್ನು ಸ್ವೀಕರಿಸಲಿ. ಆದರೆ ನಲವತ್ತು ದಾಟಿದಾಗ ಮನುಷ್ಯ ಆ ಬಾಗಿಲಿಗೆ ಬಂದು ನಿಲ್ಲದಂತೆ, ಅವನು ಹದಿನಾಲ್ಕರ ಹುಡುಗನಾಗಿದ್ದಾಗಲೇ ನಾವು ಏನಾದರೂ ಕೊಡಬಹುದಿತ್ತೇ? ಇಂದಿನ ಮಾತು ಅದರ ಬಗ್ಗೆ.

ದೀನ್‌ನಲ್ಲಿ ದೇಹದ ಸ್ಥಾನ

ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ನಿರ್ಧರಿಸಿದ್ದ ಅಬ್ದುಲ್ಲಾಹ್ ಬಿನ್ ಅಮ್ರ್(ರ)ರನ್ನು ಪ್ರವಾದಿ(ಸ)ರು ತಡೆದರು. ಶರೀರಕ್ಕೂ ಕಣ್ಣಿಗೂ ಪತ್ನಿಗೂ ನಿಮ್ಮ ಮೇಲೆ ಹಕ್ಕಿದೆಯೆಂದು ಅವರಿಗೆ ತಿಳಿಹೇಳಿದರು. ಇದು ಸಹೀಹ್ ಬುಖಾರಿಯಲ್ಲಿದೆ. ಇಬಾದತ್ತಿನ ಹೆಸರಿನಲ್ಲೇ ದೇಹವನ್ನು ಸವೆಸಲು ಅನುಮತಿಯಿಲ್ಲವೆಂದ ಮೇಲೆ, ಸೋಮಾರಿತನದಿಂದ, ಕರಿದ ತಿಂಡಿಯಿಂದ, ಮಧ್ಯರಾತ್ರಿಯವರೆಗೆ ಮೊಬೈಲ್ ನೋಡುವುದರಿಂದ ಅದನ್ನು ಕೆಡಿಸಲು ಅನುಮತಿ ಎಲ್ಲಿಂದ ಬರಬೇಕು?

ತಾಲೂತರನ್ನು ದೊರೆಯಾಗಿ ನೇಮಿಸಿದಾಗ ಬನೀ ಇಸ್ರಾಈಲರು ಅವರ ಬಡತನವನ್ನು ಎತ್ತಿ ಆಡಿದರು. ಜ್ಞಾನದಲ್ಲೂ ದೇಹಬಲದಲ್ಲೂ ಅಲ್ಲಾಹನು ಅವರಿಗೆ ಹೆಚ್ಚು ನೀಡಿದ್ದಾನೆಂಬುದೇ ಅವರಿಗೆ ಸಿಕ್ಕ ಉತ್ತರ. ಅಲ್‌ಬಕರ ಅಧ್ಯಾಯದ 247ನೇ ವಚನವನ್ನು ಮನೆಗೆ ಹೋಗಿ ಓದಿರಿ. ಹೊಣೆ ಹೊರುವವನಲ್ಲಿ ಇರಬೇಕಾದ ಗುಣಗಳ ಪೈಕಿ ಜ್ಞಾನದ ಪಕ್ಕದಲ್ಲೇ ಶರೀರವೂ ಬಂದಿದೆ.

ಪ್ರವಾದಿ(ಸ)ರ ಮದೀನಾ ಆಟವಿಲ್ಲದ ಊರಾಗಿರಲಿಲ್ಲ. ಅವರು ಕುದುರೆ ಓಟ ಏರ್ಪಡಿಸಿದರು. ಪಳಗಿಸಿ ತಯಾರು ಮಾಡಿದ ಕುದುರೆಗಳಿಗೆ ದೂರದ ಓಟ, ಪಳಗದವುಗಳಿಗೆ ಹತ್ತಿರದ ಓಟ ಗೊತ್ತುಪಡಿಸಿದರು. ಶಕ್ತಿಗೆ ತಕ್ಕ ಗುರಿ ಎಂಬ ಪಾಠ ಅದರಲ್ಲಿದೆ. ಪ್ರಯಾಣವೊಂದರಲ್ಲಿ ಹ. ಆಯಿಶಾ(ರ)ರೊಂದಿಗೆ ಓಡಿದರು, ಸೋತರು. ಮುಂದೊಮ್ಮೆ ಓಡಿ ಗೆದ್ದರು. ಇದು ಅಬೂದಾವೂದ್‌ನಲ್ಲಿದೆ. ಅಸ್ಲಮ್ ಗೋತ್ರದವರು ಬಿಲ್ಲುಗಾರಿಕೆಯಲ್ಲಿ ತೊಡಗಿದ್ದಾಗ ಪ್ರವಾದಿ(ಸ)ರು ಹಾದುಹೋಗುತ್ತಾ ಒಂದು ಗುಂಪಿನ ಪರ ನಿಂತರು. ಎದುರಿನ ಗುಂಪು ಬಿಲ್ಲನ್ನು ಕೆಳಗಿಳಿಸಿತು. ಪ್ರವಾದಿಯೇ ಎದುರು ಪಕ್ಷದಲ್ಲಿದ್ದರೆ ಬಾಣ ಬಿಡುವುದು ಹೇಗೆ? ಆಗ ಅವರು ತಾವು ಎಲ್ಲರೊಂದಿಗೂ ಇರುವುದಾಗಿ ಹೇಳಿ ಆಟ ಮುಂದುವರಿಸಿದರು. ಪಂದ್ಯದ ಹೆಸರಿನಲ್ಲಿ ಕೇರಿಗೆ ಕೇರಿ ಹಗೆ ಕಟ್ಟುವ ಯುವಕರು ಈ ಹದೀಸನ್ನು ನೆನಪಿಡಬೇಕು.

ಇಂದಿನ ಸ್ಥಿತಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆಯಿದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯುವಷ್ಟಾದರೂ ಚಟುವಟಿಕೆ ಮಾಡಬೇಕು, ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಆಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2022ರ ಲೆಕ್ಕದಲ್ಲಿ ಭಾರತದ ಪುರುಷರಲ್ಲಿ ಶೇ. 42, ಮಹಿಳೆಯರಲ್ಲಿ ಶೇ. 57 ಮಂದಿ ಅಷ್ಟನ್ನೂ ಮಾಡುತ್ತಿಲ್ಲ. ಮಹಿಳೆಯರ ಅಂಕಿ ಹೆಚ್ಚಿರುವುದನ್ನು ಗಮನಿಸಿರಿ. ಮನೆಗೆಲಸದಿಂದ ಅವರು ದಣಿಯುತ್ತಾರೆ, ಆದರೆ ಆ ದಣಿವೆಲ್ಲ ವ್ಯಾಯಾಮವಾಗುವುದಿಲ್ಲ. ನಡೆಯಲು ಅವರಿಗೆ ಜಾಗವೂ ಇಲ್ಲ, ಸಮಯವೂ ಇಲ್ಲ.

ಕಲಿಯಬೇಕಾದ ಎರಡು ಮಾದರಿಗಳು

ಜ್ಞಾನ ಎಲ್ಲಿದ್ದರೂ ಕಲಿಯುವುದು ವಿಶ್ವಾಸಿಯ ಕ್ರಮ. ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ವಿಜಯ್ ಬಾರ್ಸೆ ಎಂಬ ಕ್ರೀಡಾ ಅಧ್ಯಾಪಕರಿದ್ದರು. 2001ರ ಒಂದು ದಿನ, ಸುರಿವ ಮಳೆಯಲ್ಲಿ ಕೊಳೆಗೇರಿಯ ಹುಡುಗರು ಒಡೆದ ಬಕೆಟೊಂದನ್ನು ಚೆಂಡಿನಂತೆ ಒದ್ದು ಆಡುವುದನ್ನು ಅವರು ಕಂಡರು. ಆಡುವಷ್ಟು ಹೊತ್ತು ಆ ಹುಡುಗರು ಕೆಟ್ಟ ಚಟಗಳಿಂದ ದೂರವಿರುತ್ತಾರೆ ಎಂಬುದು ಅವರಿಗೆ ಹೊಳೆಯಿತು. ನಿಜವಾದ ಚೆಂಡು ಕೊಟ್ಟರು, ಕೊಳೆಗೇರಿ ಮಕ್ಕಳಿಗಾಗಿ ಪಂದ್ಯ ನಡೆಸಿದರು. ನಿವೃತ್ತಿಯಾದಾಗ ಬಂದ ಹಣದಿಂದ ನಾಗಪುರದ ಹೊರವಲಯದಲ್ಲಿ ಜಮೀನು ಕೊಂಡರು. ಹೀಗೆ ಬೆಳೆದದ್ದೇ ಸ್ಲಂ ಸಾಕರ್ ಎಂಬ ಸೇವಾ ಸಂಸ್ಥೆ. ಅಲ್ಲಿ ಆಟದ ಜೊತೆಗೇ ಲೆಕ್ಕದ ಪಾಠ, ಶುಚಿತ್ವದ ಪಾಠ, ಹೆಣ್ಣುಮಕ್ಕಳಿಗೆ ಆರೋಗ್ಯದ ತಿಳಿವಳಿಕೆ ನಡೆಯುತ್ತದೆ. ಅಪರಾಧದ ದಾರಿ ಹಿಡಿದಿದ್ದ ಯುವಕನೊಬ್ಬ ಅಲ್ಲಿ ಬದಲಾಗಿ, ವಸತಿಹೀನರ ವಿಶ್ವಕಪ್‌ನಲ್ಲಿ ಭಾರತ ತಂಡದ ನಾಯಕನಾದ, ಬಳಿಕ ತರಬೇತುದಾರನಾದ. 2016ರಲ್ಲಿ ಫಿಫಾ ಈ ಸಂಸ್ಥೆಗೆ ವೈವಿಧ್ಯ ಪ್ರಶಸ್ತಿ ನೀಡಿತು. ಇಷ್ಟಕ್ಕೂ ಮೊದಲ ದಿನ ಖರ್ಚಾದದ್ದು ಒಂದು ಚೆಂಡಿನ ಬೆಲೆ.

ಇನ್ನೊಂದು ಮಾದರಿ ಮುಂಬೈ ಪಕ್ಕದ ಮುಂಬ್ರಾದ್ದು. 1992–93ರ ಗಲಭೆಯ ನಂತರ ಮುಂಬೈಯಿಂದ ಬಹಳಷ್ಟು ಮುಸ್ಲಿಮ್ ಕುಟುಂಬಗಳು ಹೋಗಿ ನೆಲೆಸಿದ, ಮನೆಗೆ ಮನೆ ಅಂಟಿಕೊಂಡಿರುವ ಊರು ಅದು. ಅಲ್ಲಿ ಪರ್ಚಮ್ ಎಂಬ ಸಂಘಟನೆ ಹೆಣ್ಣುಮಕ್ಕಳಿಗೆ ಫುಟ್ಬಾಲ್ ಕಲಿಸಲು ಮುಂದಾಯಿತು. ಮನೆಮನೆಗೆ ಹೋಗಿ ತಂದೆತಾಯಿಯರೊಡನೆ ಮಾತನಾಡಿದರು. ಮೈದಾನಗಳೆಲ್ಲ ಹುಡುಗರಿಂದ ತುಂಬಿದ್ದಾಗ, ತಮಗೂ ಜಾಗ ಬೇಕೆಂದು ಸಹಿ ಸಂಗ್ರಹಿಸಿ ಜನಪ್ರತಿನಿಧಿಗಳ ಮುಂದಿಟ್ಟರು. ತಲೆವಸ್ತ್ರದ ಬಗ್ಗೆ ಕೇಳುವವರಿಗೆ ಒಂದು ಮಾತು: ತಲೆವಸ್ತ್ರ ಧರಿಸಿ ಆಡಲು 2014ರಿಂದ ಫುಟ್ಬಾಲ್‌ನ ಅಂತಾರಾಷ್ಟ್ರೀಯ ನಿಯಮದಲ್ಲೇ ಅವಕಾಶವಿದೆ. ಪರ್ದಾದ ಮರ್ಯಾದೆಗೆ ಕುಂದಾಗದಂತೆ ವ್ಯವಸ್ಥೆ ಮಾಡುವುದು ಹಿರಿಯರ ಕೆಲಸ. ವ್ಯವಸ್ಥೆ ಮಾಡದೆ ಮಗಳನ್ನು ಕೂಡಿಹಾಕಿ, ಮೂವತ್ತೈದಕ್ಕೆ ಮಂಡಿನೋವಿಗೆ ಮುಲಾಮು ತಂದುಕೊಡುವುದು ಪರ್ದಾ ಪಾಲನೆಯಲ್ಲ.

ಈ ಖರ್ಚು ಯಾವ ಬಾಬಿನಿಂದ?

ಕೆಲವು ಯುವಕರು ಝಕಾತ್ ಹಣದಿಂದ ಮೈದಾನ ಮಾಡಬಹುದೇ ಎಂದು ಕೇಳಿದ್ದಾರೆ. ಝಕಾತಿನ ಹಕ್ಕುದಾರರು ಎಂಟು ವರ್ಗದವರು. ಅತ್ತೌಬ ಅಧ್ಯಾಯದ 60ನೇ ವಚನ ಅವರನ್ನು ಎಣಿಸಿ ಹೇಳಿದೆ. ಮೈದಾನ, ಬೇಲಿ, ದೀಪದ ಕಂಬ ಆ ಪಟ್ಟಿಯಲ್ಲಿ ಬರುವುದಿಲ್ಲವೆಂಬುದು ಫುಕಹಾಗಳ ಬಹುಮತದ ನಿಲುವು. ಬಡ ಹುಡುಗನಿಗೆ ಶೂ, ಹಾಲು, ಮೊಟ್ಟೆ, ಔಷಧಿ ಕೊಂಡು ಅವನ ಸ್ವಂತಕ್ಕೆ ಕೊಟ್ಟುಬಿಡುವುದು ಬೇರೆ ಮಾತು. ಅವನು ಹಕ್ಕುದಾರನಾಗಿದ್ದರೆ ಅದು ಸರಿ. ಮೈದಾನಕ್ಕೆ ಸದಕಾ ಇದೆ, ಹೊಸ ವಕ್ಫ್ ಇದೆ.

ವಕ್ಫ್‌ನ ವಿಷಯದಲ್ಲಿ ಎಚ್ಚರ ಬೇಕು. ದಾನಿ ಹಾಕಿದ ಶರತ್ತನ್ನು ಮೀರುವಂತಿಲ್ಲ. ಕಬರಸ್ತಾನಕ್ಕೆಂದು ಬಿಟ್ಟ ನೆಲದಲ್ಲಿ ಕ್ರಿಕೆಟ್ ಆಡುವಂತಿಲ್ಲ. ಆದರೆ ಮದ್ರಸಾದ ಮಕ್ಕಳಿಗೆಂದೇ ಬಿಟ್ಟ ಅಂಗಳ ಹಲವು ಜಮಾಅತ್‌ಗಳಲ್ಲಿ ಕಾರು ನಿಲ್ಲಿಸುವ ಜಾಗವಾಗಿದೆ, ಬಾಡಿಗೆ ಅಂಗಡಿಗಳ ನಕ್ಷೆಯೂ ಸಿದ್ಧವಾಗುತ್ತಿದೆ. ಬಾಡಿಗೆ ಪ್ರತಿ ತಿಂಗಳು ಲೆಕ್ಕಪುಸ್ತಕದಲ್ಲಿ ಕಾಣುತ್ತದೆ. ಆಡಲು ಜಾಗವಿಲ್ಲದೆ ಬೀದಿಯ ಕಟ್ಟೆಗೂ ಅಲ್ಲಿಂದ ಗಾಂಜಾ ಮಾರುವವನ ಕೈಗೂ ಸೇರುವ ಮಗನ ಲೆಕ್ಕ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ಅಲ್ಲಾಹನ ಬಳಿ ಎರಡೂ ಲೆಕ್ಕ ಇದೆ. ಕಮಿಟಿಯ ಹಿರಿಯರು ನಕ್ಷೆಗೆ ಸಹಿ ಹಾಕುವ ಮುನ್ನ ಇದನ್ನು ಯೋಚಿಸಬೇಕೆಂದು ವಿನಮ್ರವಾಗಿ ಕೋರುತ್ತೇವೆ.

ಆಟದ ಅದಬ್

ಯುವಕರಿಗೂ ಮಾತಿದೆ. ಆಟ ನಮಾಝನ್ನು ನುಂಗಬಾರದು. ಅಸ್ರ್ ಮುಗಿಸಿ ಮೈದಾನಕ್ಕಿಳಿಯಿರಿ, ಮಗ್ರಿಬ್‌ನ ಅಝಾನ್ ನಿಮ್ಮ ಕೊನೆಯ ಸೀಟಿಯಾಗಲಿ. ಉಡುಪು ಔರತ್ ಮುಚ್ಚುವಂತಿರಲಿ. ಬೈಗುಳವಿಲ್ಲದೆ ಆಡಲು ಬರುತ್ತದೆ. ಪಂದ್ಯದ ಮೇಲೆ ಹಣ ಕಟ್ಟುವುದು, ಮೊಬೈಲ್‌ನಲ್ಲಿ ತಂಡ ಮಾಡಿ ಹಣ ಹೂಡುವುದು ಜೂಜು. ಅದಕ್ಕೆ ಯಾವ ಹೆಸರಿಟ್ಟರೂ ಹರಾಮ್ ಹರಾಮೇ. ರಾತ್ರಿ ಎರಡರವರೆಗೆ ಮೈಕ್ ಹಾಕಿ ಪಂದ್ಯ ನಡೆಸಿ ನೆರೆಯ ರೋಗಿಯ ನಿದ್ದೆ ಕೆಡಿಸಿ, ಬೆಳಗ್ಗೆ ಫಜ್ರ್ ಕಳೆದುಕೊಳ್ಳುವುದನ್ನು ಆರೋಗ್ಯ ಸೇವೆ ಎನ್ನಲಾಗದು. ನೆರೆಯ ಹಿಂದೂ, ಕ್ರೈಸ್ತ ಮಕ್ಕಳು ಆಡಲು ಬಂದರೆ ತಂಡದಲ್ಲಿ ಸೇರಿಸಿಕೊಳ್ಳಿರಿ. ಜೊತೆಗೆ ಬೆವರಿದವರ ನಡುವೆ ವದಂತಿ ಬೇಗ ಹಬ್ಬುವುದಿಲ್ಲ.

ಈ ವಾರದಿಂದಲೇ

ದೊಡ್ಡ ಸಂಸ್ಥೆ ಕಟ್ಟುವವರೆಗೆ ಕಾಯಬೇಕಾಗಿಲ್ಲ. ಫಜ್ರ್ ನಂತರ ಅರ್ಧ ಗಂಟೆ ಒಟ್ಟಾಗಿ ನಡೆಯಿರಿ; ವಾರದಲ್ಲಿ ಐದು ದಿನ ನಡೆದರೆ ಆ 150 ನಿಮಿಷ ತುಂಬುತ್ತದೆ. ಮದ್ರಸಾದ ಅಂಗಳ ಅಸ್ರ್‌ನಿಂದ ಮಗ್ರಿಬ್‌ವರೆಗೆ ಮಕ್ಕಳಿಗೆ ತೆರೆದಿರಲಿ. ವಾರದಲ್ಲಿ ಎರಡು ಬೆಳಗ್ಗೆಯಾದರೂ ಅದೇ ಅಂಗಳ ಪೂರ್ತಿಯಾಗಿ ಮಹಿಳೆಯರದ್ದಾಗಲಿ, ಗೇಟಿಗೆ ಪರದೆ ಇರಲಿ. ಆಸ್ಪತ್ರೆಯ ಬಿಲ್ಲಿಗೆ ಸಾವಿರ ಕೊಡುವವರು ಚೆಂಡು, ಬಲೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ನೂರನ್ನಾದರೂ ಎತ್ತಿಡಲಿ. ರೋಗಿಗೆ ಕೊಡುವುದನ್ನು ನಿಲ್ಲಿಸಬೇಡಿ. ಅದು ಅವರ ಹಕ್ಕು. ಇದು ಅದರ ಜೊತೆಗಿನ ಸದಕಾ. ಆ ನೆಲದಲ್ಲಿ ಮಕ್ಕಳು ಓಡುವಷ್ಟು ಕಾಲ ಅದರ ಪ್ರತಿಫಲ ನಿಲ್ಲದೆ ಬರುತ್ತದೆಂದು ನಾವು ಅಲ್ಲಾಹನಲ್ಲಿ ನಿರೀಕ್ಷೆಯಿಡುತ್ತೇವೆ.

ಅಲ್ಲಾಹನೇ, ನಮ್ಮ ರೋಗಿಗಳಿಗೆ ಶಿಫಾ ನೀಡು. ನಮ್ಮ ಮಕ್ಕಳಿಗೆ ನಿನ್ನ ಮುಂದೆ ಸುಜೂದ್ ಮಾಡಲೂ ಜನರ ಹೊರೆ ಹೊರಲೂ ಸಾಲುವ ಬಲ ನೀಡು. ಕೊಟ್ಟ ಆರೋಗ್ಯದ ಲೆಕ್ಕ ಕೇಳುವ ದಿನ ನಮ್ಮನ್ನು ತಲೆತಗ್ಗಿಸುವವರನ್ನಾಗಿ ಮಾಡಬೇಡ. ಆಮೀನ್.